ವೀರರ ಕಟ್ಟೂ ಪಡೆಯ ಹೂಟವೂ

ಪರಾಕ್ರಮವನ್ನು ಪಾಲು ಹಾಕಬಹುದೆ? ಒಬ್ಬನಿಗೆ ತಡೆಯುವ ಶಕ್ತಿ, ಇನ್ನೊಬ್ಬನಿಗೆ ಹೊಡೆಯುವ ಶಕ್ತಿ, ಮತ್ತೊಬ್ಬನಿಗೆ ಕಾಯುವ ಶಕ್ತಿ ಎಂದು ಅಳೆದು ಕೊಟ್ಟುಬಿಟ್ಟರೆ ಕೊನೆಗೆ ಉಳಿಯುವುದು ವೀರವೆ, ಅಥವಾ ಬರಿಯ ಕೆಲಸದ ಹಂಚಿಕೆಯೆ? ನಮ್ಮ ಆಲಂಕಾರಿಕರು ವೀರಕ್ಕೆ ಉತ್ಸಾಹವೇ ಸ್ಥಾಯಿ ಎಂದು ಹೇಳಿ, ದಾನವೀರ, ದಯಾವೀರ, ಯುದ್ಧವೀರ, ಧರ್ಮವೀರ ಎಂದು ಭೇದಗಳನ್ನು ಎಣಿಸಿದರು. ಆದರೆ ಈ ನಾಲ್ವರನ್ನೂ ಒಂದೇ ಗುಂಪಿಗೆ ಹಾಕಿ ಇಕ್ಕಟ್ಟಾದ ಒಂದು ಓಣಿಯ ಕಾಳಗಕ್ಕೆ ಕಳುಹಿಸಿದರೆ ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುವುದು ಅವರ ಕೆಲಸವಾಗಿರಲಿಲ್ಲ.

ಆ ಕೆಲಸವನ್ನು ಕೈಗೆತ್ತಿಕೊಂಡದ್ದು, ವಾಚಕರು ನಗಬಾರದು, ಒಂದು ಆಟ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕ್ರಿಪ್ಟಿಕ್ ಸ್ಟುಡಿಯೋಸ್ ಎಂಬವರು ರಚಿಸಿ, ದಕ್ಷಿಣ ಕೊರಿಯದ ಎನ್‌ಸಿಸಾಫ್ಟ್ ಎಂಬ ಸಂಸ್ಥೆಯವರು ೨೦೦೪ರ ಏಪ್ರಿಲ್‌ನಲ್ಲಿ ಹೊರತಂದ ‘ಸಿಟಿ ಆಫ್ ಹೀರೋಸ್’ ಎಂಬ ಕಂಪ್ಯೂಟರ್ ಆಟ. ಪ್ಯಾರಗನ್ ಸಿಟಿ ಎಂಬುದು ಅದರಲ್ಲಿ ಬರುವ ಕಲ್ಪಿತ ನಗರಿ. ಬೇರೆ ಬೇರೆ ದೇಶಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತ ಸಾವಿರಾರು ಮಂದಿ ಒಂದೇ ಹೊತ್ತಿನಲ್ಲಿ ಆ ನಗರಿಯ ಬೀದಿಗಳಲ್ಲಿ ಓಡಾಡುತ್ತಾರೆ. ಪ್ರತಿಯೊಬ್ಬನೂ ತಾನೇ ಕಲ್ಪಿಸಿ, ತಾನೇ ಹೆಸರಿಟ್ಟು, ತಾನೇ ಉಡುಪು ತೊಡಿಸಿದ ಒಬ್ಬ ಮಹಾವೀರನಾಗಿರುತ್ತಾನೆ. ಎಂಟು ಮಂದಿಯವರೆಗೆ ಸೇರಿ ಒಂದು ಪಡೆ ಕಟ್ಟಬಹುದು.

ಸಾಹಿತ್ಯದ ಪುಟದಲ್ಲಿ ಆಟದ ವಿಚಾರವೇಕೆ ಎಂದು ಕೇಳುವವರಿಗೆ ನನ್ನಲ್ಲಿ ಒಂದೇ ಉತ್ತರವುಂಟು. ನಾನಿರುವುದು ಚಳ್ಳಕೆರೆಯಲ್ಲಿ. ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳೆಂದರೆ ಮಳೆ ಕಡಿಮೆ, ಕಥೆ ಹೆಚ್ಚು ಇರುವ ಸೀಮೆ. ಹೊರಗಿನವರು ನಮ್ಮನ್ನು ಗುರುತಿಸುವುದು ಶೇಂಗಾ ಎಣ್ಣೆಯಿಂದ, ಮೊಳಕಾಲ್ಮೂರಿನ ರೇಷ್ಮೆ ಸೀರೆಯಿಂದ, ಹೆಚ್ಚೆಂದರೆ ಬ್ರಹ್ಮಗಿರಿಯ ಅಶೋಕನ ಶಾಸನದಿಂದ. ಆದರೆ ಇಲ್ಲಿನ ಹಟ್ಟಿಗಳಲ್ಲಿ ಪೂಜೆಗೊಳ್ಳುವವರು ಬಹುಮಟ್ಟಿಗೆ ಒಂದು ಕಾಲಕ್ಕೆ ದನ ಕಾಯುತ್ತಿದ್ದ ವೀರರು. ಕಾಡುಗೊಲ್ಲರಿಗೆ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ, ಮ್ಯಾಸಬೇಡರಿಗೆ ಗಾದ್ರಿಪಾಲನಾಯಕ. ಮಹಾವೀರರನ್ನು ಪತ್ರಿಕೆಯ ಚಿತ್ರಕಥೆಯಿಂದ ಕಲಿತವರು ಅಮೆರಿಕನ್ನರು. ನಾವು ಅವರನ್ನು ಗಣೆಯ ನಾದದಿಂದ ಕಲಿತವರು. ಈ ಎರಡು ಕಲಿಕೆಗಳನ್ನೂ ಒಮ್ಮೆ ಎದುರುಬದುರು ಕೂರಿಸಿ ನೋಡಬೇಕೆನ್ನಿಸಿತು.

ನನ್ನ ತಂಗಿಯ ಮಗನೊಬ್ಬ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಈ ಆಟವನ್ನು ತೋರಿಸಿದ. ತೋರಿಸಿದ್ದಷ್ಟೇ ಅಲ್ಲದೆ ನನ್ನಿಂದಲೂ ಒಬ್ಬ ವೀರನನ್ನು ಮಾಡಿಸಿ ಕೆಲವು ವಾರ ಆಡಿಸಿದ. ಆದ್ದರಿಂದ ಇದು ಕೇಳಿದವನ ಮಾತಲ್ಲ, ಆಡಿದವನ ಮಾತು.

ಆಟದಲ್ಲಿ ಮೊದಲು ಇದ್ದದ್ದು ಐದು ಜಾತಿಯ ವೀರರು. ಟ್ಯಾಂಕರ್ ಎಂದರೆ ತಡೆಗಾರ. ಎಷ್ಟು ಏಟು ಬಿದ್ದರೂ ಬೀಳದವನು. ಸ್ಕ್ರ್ಯಾಪರ್ ಕೈಗಲಿ; ಶತ್ರುವಿನ ಮೈಮೇಲೆ ಬಿದ್ದು ಹೋರಾಡುವವನು. ಬ್ಲಾಸ್ಟರ್ ಎಸುಗಾರ, ದೂರದಿಂದ ಬೆಂಕಿ, ಮಂಜು, ಮಿಂಚು ಎಸೆದು ಸುಡುವವನು, ತಾನು ಮಾತ್ರ ಗಾಜಿನಂತೆ ಒಡೆಯುವವನು. ಕಂಟ್ರೋಲರ್ ಶತ್ರುವನ್ನು ಇದ್ದಲ್ಲೇ ಕಲ್ಲುಮಾಡುತ್ತಾನೆ, ನಿದ್ದೆ ಬರಿಸುತ್ತಾನೆ, ಭ್ರಮೆ ಹಿಡಿಸುತ್ತಾನೆ. ನಮ್ಮ ಮಂತ್ರಶಾಸ್ತ್ರದ ಮಾತಿನಲ್ಲಿ ಸ್ತಂಭಕ. ಡಿಫೆಂಡರ್ ಕಾಪುಗಾರ, ಗಾಯ ಮಾಯಿಸುತ್ತಾನೆ, ಗೆಳೆಯರಿಗೆ ಕಾಣದ ಗುರಾಣಿ ಹಿಡಿಯುತ್ತಾನೆ, ಹಗೆಯ ಬಲ ಕುಂದಿಸುತ್ತಾನೆ. ಈ ಕನ್ನಡ ಹೆಸರುಗಳು ನಾನು ಕೊಟ್ಟವು. ಹುಡುಗರು ನಕ್ಕರೆ ನಗಲಿ.

ಇವರೆಲ್ಲ ಸೇರಿ ಮಾಡುವ ಯುದ್ಧದ ಹೂಟ ಎಂಥದು ನೋಡಿ. ತಡೆಗಾರ ಒಬ್ಬನೇ ಮುಂದೆ ಹೋಗುತ್ತಾನೆ. ಬೀದಿಯ ಈ ತುದಿಯಲ್ಲಿ ನಾಲ್ವರು, ಆ ಕಟ್ಟಡದ ಮಗ್ಗುಲಲ್ಲಿ ಐವರು, ಹೀಗೆ ಚೆದರಿ ನಿಂತ ಶತ್ರುಗಳನ್ನು ಕೆಣಕಿ ಓಡುತ್ತಾನೆ. ಅವರು ಬೆನ್ನಟ್ಟುತ್ತಾರೆ. ದೂರದಿಂದ ಗುಂಡು ಹೊಡೆಯುವ ಶತ್ರು ಮಾತ್ರ ಬೆನ್ನಟ್ಟದೆ ನಿಂತಲ್ಲಿಂದಲೇ ಹೊಡೆಯುತ್ತಾನೆ. ಅದಕ್ಕೆಂದೇ ತಡೆಗಾರ ಗೋಡೆಯ ಮೂಲೆ ತಿರುಗಿ ಮರೆಯಾಗುತ್ತಾನೆ. ಗುರಿ ಕಾಣದಾದ ಮೇಲೆ ಗುಂಡಿನವನೂ ಹತ್ತಿರ ಬರದೆ ಗತ್ಯಂತರವಿಲ್ಲ. ಹೀಗೆ ಎಲ್ಲರೂ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಸೇರಿದ ಮೇಲೆ ಸ್ತಂಭಕ ಅವರ ಕಾಲು ಹಿಡಿಯುತ್ತಾನೆ, ಎಸುಗಾರ ಎಲ್ಲರನ್ನೂ ಒಂದೇ ಉರಿಯಲ್ಲಿ ಸುಡುತ್ತಾನೆ. ಆಟಗಾರರು ಇದಕ್ಕೆ ಕೊಟ್ಟ ಹೆಸರು ‘ಹರ್ಡಿಂಗ್’, ಎಂದರೆ ದನ ಹೊಡೆಯುವುದು, ಮಂದೆ ತರುಬುವುದು!

ಈ ಮಾತು ಕೇಳಿದಾಗ ನನಗೆ ಆದ ಸಂತೋಷವನ್ನು ಮರೆಮಾಚಲಾರೆ. ಅಮೃತಮಹಲ್ ಕಾವಲಿನ ಅಂಚಿನಲ್ಲಿ ಸಂಜೆ ನಿಂತು ನೋಡಿದವರಿಗೆ ಈ ವಿದ್ಯೆ ಹೊಸದಲ್ಲ. ಅನುಭವಸ್ಥನಾದ ಗೊಲ್ಲ ಮಂದೆಯ ನಡುವೆ ನುಗ್ಗುವುದಿಲ್ಲ; ಅಂಚಿನಲ್ಲಿ ನಡೆಯುತ್ತಾನೆ, ತನ್ನ ಮೈಯನ್ನೇ ಗೋಡೆ ಮಾಡುತ್ತಾನೆ, ಹಳ್ಳದ ತಿರುವನ್ನು ಬಳಸಿಕೊಳ್ಳುತ್ತಾನೆ. ೨೦೦೫ರಲ್ಲಿ ಆಟದ ಕರ್ತೃಗಳು ಒಂದು ಕಟ್ಟಳೆ ಮಾಡಿದರು: ಒಬ್ಬ ವೀರ ಒಂದು ಹೊತ್ತಿಗೆ ತನ್ನ ಬೆನ್ನಿಗೆ ಹಚ್ಚಿಕೊಳ್ಳಬಹುದಾದ ಶತ್ರುಗಳು ೧೭ ಮಾತ್ರ. ಅದಕ್ಕೆ ಮೊದಲು ಒಬ್ಬ ಗಟ್ಟಿ ತಡೆಗಾರ ಒಂದು ಬೀದಿಯ ಶತ್ರುಗಳನ್ನೆಲ್ಲ ಎಳೆದು ತಂದು ಮೂಲೆಗೆ ತುರುಕುತ್ತಿದ್ದನಂತೆ; ಉಳಿದ ಏಳು ಮಂದಿ ನಿಂತು ನೋಡುವುದೊಂದೇ ಕೆಲಸ. ಕಟ್ಟಳೆ ಬಂದ ಮೇಲೆ ಹದಿನೆಂಟನೆಯವನು ತಿರುಗಿ ಕಾಪುಗಾರನ ಮೇಲೆ ಬೀಳತೊಡಗಿದ. ಇಲ್ಲಿ ಕರ್ತೃಗಳು ಸರಿಯಾದದ್ದನ್ನೇ ಮಾಡಿದರೆಂದು ನನ್ನ ಅಭಿಮತ. ಎಷ್ಟು ಜಾಣ ಗೊಲ್ಲನಾದರೂ ಒಂದು ದನ ತಪ್ಪಿಸಿಕೊಂಡು ಪಕ್ಕದವರ ಹೊಲಕ್ಕೆ ನುಗ್ಗಿಯೇ ನುಗ್ಗುತ್ತದೆ. ಆಗ ಬೇಕಾಗುವವನು ಎರಡನೆಯ ಮನುಷ್ಯ. ಕಥೆಗೆ ಕಳೆ ಬರುವುದೂ ಅಲ್ಲಿಯೇ.

ಮೂಲೆಯ ಮಾತು ಬಂದಾಗ ದುರ್ಗದ ಸೀಮೆಯವರಿಗೆ ಒನಕೆ ಓಬವ್ವ ನೆನಪಾಗದೆ ಹೋದಾಳೆಯೆ? ಹೈದರನ ಪಡೆ ಕೋಟೆಯ ಕಿಂಡಿಯಿಂದ ನುಸುಳುತ್ತಿದ್ದಾಗ, ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ನಿಂತವಳ ಕಥೆ ಎಲ್ಲರಿಗೂ ಗೊತ್ತು. ಆದರೆ ಎರಡು ಹೂಟಗಳ ನಡುವೆ ಇರುವ ಅಂತರ ಗಮನಿಸತಕ್ಕದ್ದು. ಆಟದ ತಡೆಗಾರ ಮೂಲೆಯನ್ನು ಬಳಸುವುದು ಹಲವರನ್ನು ಒಂದೆಡೆ ಕೂಡಿಸಲು; ಓಬವ್ವ ಕಿಂಡಿಯನ್ನು ಬಳಸಿದ್ದು ಹಲವರನ್ನು ಒಬ್ಬೊಬ್ಬರಾಗಿ ಬಿಡಿಸಲು. ಹಿಂದೆ ಎಸುಗಾರರ ಬಲವಿದ್ದವನು ಕೂಡಿಸುತ್ತಾನೆ. ಯಾರೂ ಇಲ್ಲದವಳು ಬಿಡಿಸುತ್ತಾಳೆ. ಒಂಟಿಯ ವೀರಕ್ಕೂ ಪಡೆಯ ವೀರಕ್ಕೂ ಇರುವ ಭೇದವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ತಿಳಿಯದು. ಅಂದಹಾಗೆ, ನಮ್ಮ ತಳುಕಿನ ಮನೆತನದ ತ.ರಾ.ಸು. ಅವರು ‘ದುರ್ಗಾಸ್ತಮಾನ’ದಲ್ಲಿ ೧೭೭೯ರ ಆ ಸೋಲನ್ನು ಬರೆದಾಗ, ಕೋಟೆಯ ಕಲ್ಲಿಗಿಂತ ಮನುಷ್ಯರ ನಡುವಣ ನಂಬಿಕೆ ಬಿರುಕು ಬಿಟ್ಟದ್ದನ್ನೇ ಕಣ್ಣಿಗೆ ಕಟ್ಟುವಂತೆ ಮಾಡಿದರು. ಪಡೆ ಒಡೆಯುವುದು ಒಳಗಿನಿಂದ. ಆಟದಲ್ಲಿ ಇದಕ್ಕೆ ಎಡೆಯೇ ಇಲ್ಲ. ಬೇಸರವಾದವನು ಗುಂಡಿಯೊತ್ತಿ ಪಡೆ ಬಿಟ್ಟು ಹೋಗುತ್ತಾನೆ, ಅಷ್ಟೆ. ದ್ರೋಹ ಮಾಡುವಷ್ಟು ಹತ್ತಿರ ಯಾರೂ ಬರುವುದಿಲ್ಲ.

ಈ ಆಟದ ನಿಜವಾದ ಸೃಷ್ಟಿಯೆಂದರೆ ಕಾಪುಗಾರ. ಅಮೆರಿಕದ ಚಿತ್ರಕಥೆಗಳು ಬಹುಕಾಲ ಮೆರೆಸಿದ್ದು ಒಬ್ಬಂಟಿ ಗಂಡುಗಲಿಯನ್ನು. ಅಂಥ ವಂಶದಲ್ಲಿ ಹುಟ್ಟಿದ ಆಟ, ತಾನು ಹೆಚ್ಚು ಹೊಡೆಯದೆ ಇತರರನ್ನು ಹೊಡೆಯುವಂತೆ ಮಾಡುವವನನ್ನು ವೀರರ ಸಾಲಿಗೆ ಸೇರಿಸಿತಲ್ಲ, ಅದು ಸಣ್ಣ ಮಾತಲ್ಲ. ನಮಗಾದರೋ ಈ ಪಾತ್ರ ಹಳೆಯದು. ಆಯುಧ ಹಿಡಿಯೆನೆಂದು ಮಾತು ಕೊಟ್ಟು ಅರ್ಜುನನ ರಥದ ಮೇಲೆ ಕುಳಿತ ಕೃಷ್ಣ ಯಾವ ಜಾತಿಯ ವೀರ? ಕರ್ಣನ ರಥದ ಮೇಲೆ ಕುಳಿತ ಶಲ್ಯನನ್ನು ನೋಡಿ. ಒಂದು ಬಾಣವನ್ನೂ ಬಿಡದೆ, ಬರಿಯ ಮಾತಿನಿಂದ ತನ್ನ ಯಜಮಾನನ ತೇಜಸ್ಸನ್ನೇ ಕೊಂದ. ಆಟದಲ್ಲಿ ಕಾಪುಗಾರ ಶತ್ರುವಿನ ಬಲ ಕುಂದಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಡಿಬಫ್’ ಎನ್ನುತ್ತಾರೆ. ‘ತೇಜೋವಧೆ’ ಎಂಬ ಮಾತು ನಮ್ಮಲ್ಲಿ ಎಂದಿನಿಂದಲೋ ಇದೆ. ಚಕ್ರವ್ಯೂಹದಲ್ಲಿ ಅಭಿಮನ್ಯು ಸತ್ತದ್ದೂ ಈ ದೃಷ್ಟಿಯಿಂದ ನೋಡಿದರೆ ಪಡೆಯ ಹೂಟ ಕೆಟ್ಟದ್ದರ ಕಥೆಯೇ. ಎಸುಗಾರ ಒಳಹೊಕ್ಕ, ಹಿಂದಿನಿಂದ ಬರಬೇಕಾಗಿದ್ದ ನಾಲ್ವರು ದೊಡ್ಡಪ್ಪ ಚಿಕ್ಕಪ್ಪಂದಿರನ್ನು ಬಾಗಿಲಲ್ಲೇ ಜಯದ್ರಥ ತಡೆದ. ಅಂದು ಆ ರಣದಲ್ಲಿ ಸರಿಯಾದ ತಡೆಗಾರನೆಂದರೆ ಅವನೊಬ್ಬನೇ, ಅವನೋ ಎದುರು ಪಕ್ಷದವನು.

ಕಾಪುಗಾರನ ಬೆಲೆ ಎಷ್ಟೆಂಬುದು ಆಟದ ಲೆಕ್ಕದಲ್ಲೇ ಗೊತ್ತಾಗುತ್ತದೆ. ವಾಚಕರು ಸ್ವಲ್ಪ ತಾಳಿಕೊಳ್ಳಬೇಕು. ಲೆಕ್ಕ ಸುಲಭ, ಸ್ವಾರಸ್ಯವೂ ಉಂಟು. ಸರಿಸಮಾನನಾದ ಶತ್ರು ನೂರು ಬಾರಿ ಬೀಸಿದರೆ ೫೦ ಏಟು ತಗಲುತ್ತವೆ. ರಕ್ಷಣೆಯ ಒಂದೊಂದು ಅಂಕವೂ ಈ ೫೦ರಲ್ಲಿ ಒಂದನ್ನು ಕಳೆಯುತ್ತದೆ. ಆದರೆ ೫ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಒಬ್ಬ ಕಾಪುಗಾರ ೧೫ ಅಂಕ ಕೊಡುತ್ತಾನೆನ್ನಿ. ಅವನೊಬ್ಬನೇ ಇದ್ದಾಗ ೫೦ ಏಟು ೩೫ ಆಯಿತು. ಎರಡನೆಯವನು ಬಂದ, ೨೦ ಆಯಿತು. ಮೂರನೆಯವನು ಬಂದ, ೫ ಆಯಿತು. ಮೊದಲನೆಯವನು ಇಳಿಸಿದ್ದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ; ಮೂರನೆಯವನು ಇದ್ದದ್ದನ್ನು ಕಾಲು ಭಾಗಕ್ಕೆ ಇಳಿಸಿದ. ಕೊಟ್ಟದ್ದು ಇಬ್ಬರೂ ಅಷ್ಟಷ್ಟೇ. ಎಂಟು ಮಂದಿಯ ಪಡೆಗೆ ತಡೆಗಾರ ಬೇಕೇ ಬೇಕು, ಕೈಗಲಿ ಬೇಕೇ ಬೇಕು ಎಂದು ತಕ್ಕಡಿ ಹಿಡಿದು ಕೂರುವವರನ್ನು ಬಿಟ್ಟು, ಎಂಟಕ್ಕೆ ಎಂಟೂ ಕಾಪುಗಾರರೇ ಆದ ಪಡೆ ಕಟ್ಟಿದವರು ಹುಟ್ಟಿಕೊಂಡರು. ಒಬ್ಬೊಬ್ಬನೂ ಉಳಿದ ಏಳು ಜನಕ್ಕೆ ಬಲ ಕೊಡುತ್ತಾನೆ, ಏಳು ಜನದ ಬಲ ಅವನಿಗೆ ಬರುತ್ತದೆ. ಅಂಥ ಪಡೆಯ ಮುಂದೆ ಪದ್ಧತಿಯಂತೆ ಕಟ್ಟಿದ ಪಡೆಗಳು ಮಂಕಾದವು. ಏಕಾಂಗಿ ವೀರನ ಆರಾಧನೆಗೆಂದು ಕಟ್ಟಿದ ಗುಡಿಯ ಗರ್ಭದಲ್ಲಿ ಇಂಥ ಗಣಿತ ಅಡಗಿದ್ದದ್ದು ನನಗೆ ಬಲು ದೊಡ್ಡ ವಿನೋದವಾಗಿ ಕಂಡಿತು.

ಇದರ ಜೊತೆಗೆ ಹೇಳಬೇಕಾದ ಇನ್ನೊಂದು ಒಳ್ಳೆಯ ಅಂಶ ‘ಸೈಡ್‌ಕಿಕ್’ ಎಂಬ ಏರ್ಪಾಡು. ಅನುಭವಿಯಾದ ವೀರ ಹೊಸಬನೊಬ್ಬನನ್ನು ಕರೆದುಕೊಂಡರೆ, ಆ ಹೊಸಬ ಇವನ ಬಳಿ ಇರುವಷ್ಟು ಹೊತ್ತು ಇವನಿಗಿಂತ ಒಂದೇ ಮೆಟ್ಟಿಲು ಕೆಳಗಿನ ಬಲ ಪಡೆಯುತ್ತಾನೆ. ದೂರ ಸರಿದರೆ ಮತ್ತೆ ಹಸುಳೆ. ೨೦೦೯ರಲ್ಲಿ ಇದನ್ನು ಬದಲಾಯಿಸಿ ಪಡೆಗೆ ಸೇರಿದವರೆಲ್ಲರೂ ತಾವಾಗಿಯೇ ನಾಯಕನ ಮಟ್ಟಕ್ಕೆ ಏರುವಂತೆ ಮಾಡಿದರು. ಅನುಕೂಲವೇನೋ ಹೆಚ್ಚಿತು. ಆದರೆ ಒಬ್ಬ ಇನ್ನೊಬ್ಬನನ್ನು ಆರಿಸಿ, ಬಾರೋ ತಮ್ಮ ಎಂದು ಕರೆಯುವ ಸೊಗಸು ಹೋಯಿತು. ಹಟ್ಟಿಯಲ್ಲಿ ಹುಡುಗನನ್ನು ಮೊದಲ ಸಲ ಕಾವಲಿಗೆ ಕರೆದೊಯ್ಯುವುದು ಒಬ್ಬ ಹಿರಿಯ, ಊರಿನ ಕಾಯಿದೆಯಲ್ಲ. ನನಗೆ ಹಳೆಯದೇ ಮೆಚ್ಚು.

ಇನ್ನು ‘ಬಿಲ್ಡ್’ ಎಂಬ ವಿಚಾರ. ಇದಕ್ಕೆ ‘ಕಟ್ಟು’ ಎಂಬ ಮಾತೇ ಸಾಕು. ಬಯಲಾಟದಲ್ಲಿ ವೇಷ ಕಟ್ಟುತ್ತೇವಲ್ಲ, ಹಾಗೆ. ವೀರ ಒಂದರಿಂದ ೫೦ರವರೆಗೆ ಮೆಟ್ಟಿಲೇರುತ್ತಾನೆ. ಏರುತ್ತ ಹೋದಂತೆ ಶಕ್ತಿಗಳನ್ನು ಆರಿಸಿಕೊಳ್ಳುತ್ತಾನೆ. ಪ್ರತಿ ಶಕ್ತಿಗೂ ಹುಟ್ಟುತ್ತಲೇ ಒಂದು ಗೂಡು. ಬೇಕಾದರೆ ಆರರವರೆಗೆ ಕೂಡಿಸಬಹುದು. ೫೦ನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಹಂಚಲು ಸಿಗುವ ಹೆಚ್ಚಿನ ಗೂಡುಗಳು ೬೭. ಒಂದೊಂದು ಗೂಡಿಗೂ ಏಟಿನ ಬಿರುಸೋ, ಗುರಿಯ ನಿಖರತೆಯೋ, ಬೇಗ ಮರಳಿ ಎಸೆಯುವ ವೇಗವೋ, ದಣಿವು ತಗ್ಗಿಸುವ ಗುಣವೋ, ಯಾವುದಾದರೊಂದನ್ನು ತುಂಬಬೇಕು. ಮೊದಮೊದಲು ಜನ ಏನು ಮಾಡಿದರು? ಹೊಡೆತದ ಶಕ್ತಿಗೆ ಆರು ಗೂಡು ಮಾಡಿ ಅವುಗಳಿಗೆಲ್ಲ ಬಿರುಸನ್ನೇ ತುಂಬಿದರು. ನಿಖರತೆಗೆ ಒಂದು ಬಿಟ್ಟರೆ ಹೆಚ್ಚು. ೨೦೦೫ರ ಕೊನೆಗೆ ಕರ್ತೃಗಳು ತಿದ್ದುಪಡಿ ತಂದರು: ಒಂದೇ ಗುಣವನ್ನು ಮೂರು ಬಾರಿ ತುಂಬುವವರೆಗೆ ಬಹುಮಟ್ಟಿಗೆ ಪೂರ್ತಿ ಫಲ, ನಾಲ್ಕನೆಯದರಿಂದ ಮುಂದೆ ಹೆಸರಿಗೆ ಮಾತ್ರ ಫಲ. ಆಟಗಾರರು ಕೂಗಾಡಿದರು. ಸಾರಿಗೆ ಉಪ್ಪು ಹಾಕುವ ಯಾವ ಗೃಹಿಣಿಗೂ ಇದರ ನ್ಯಾಯ ತಿಳಿಯುತ್ತದೆ.

ಆದರೂ ಈ ಕಟ್ಟಿನ ಶಾಸ್ತ್ರದಲ್ಲಿ ನನಗೆ ಒಂದು ಅಸಮಾಧಾನ ಉಳಿದೇ ಇದೆ. ವರ್ಷ ಕಳೆದಂತೆ ಲೆಕ್ಕ ಪಕ್ಕಾ ಆಗುತ್ತದೆ; ಇಂಥ ಜಾತಿಗೆ ಇಂಥ ಶಕ್ತಿ, ಇಂಥ ಶಕ್ತಿಗೆ ಇಷ್ಟು ಗೂಡು ಎಂದು ಪಟ್ಟಿ ಸಿದ್ಧವಾಗುತ್ತದೆ. ಉಡುಪು ಸಾವಿರ ಬಗೆ, ಒಳಗಿನ ಎಲುಬು ಒಂದೇ. ಓಟಕ್ಕೂ ದಮ್ಮಿಗೂ ಸಂಬಂಧಿಸಿದ ಫಿಟ್‌ನೆಸ್ ಎಂಬ ಶಕ್ತಿಗಳ ಕಟ್ಟನ್ನು ಬಹುಪಾಲು ಎಲ್ಲರೂ ಆರಿಸಿಕೊಳ್ಳುತ್ತಿದ್ದರೆಂದು ೨೦೧೦ರಲ್ಲಿ ಅದನ್ನು ಎಲ್ಲರಿಗೂ ಹುಟ್ಟುಗುಣವಾಗಿ ಕೊಟ್ಟುಬಿಟ್ಟರು. ಎಲ್ಲರೂ ಆರಿಸುವುದು ಆಯ್ಕೆಯೇ ಅಲ್ಲವೆಂದು ಅವರಿಗೆ ಹೊಳೆದಿರಬೇಕು. ಇದು ನಮ್ಮ ಸಾಹಿತ್ಯಕ್ಕೆ ಅಂಟಿದ್ದ ರೋಗವೂ ಹೌದು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಬೇಕೆಂದು ಶಾಸ್ತ್ರ ಹೇಳಿದ್ದೇ ತಡ, ನಗರ, ಸಮುದ್ರ, ಚಂದ್ರೋದಯ, ಜಲಕ್ರೀಡೆ ಎಂದು ಗೂಡು ಗೂಡಿಗೂ ತುಂಬಿದ ಕವಿಗಳೆಷ್ಟು ಮಂದಿ! ಸಮುದ್ರವನ್ನು ಕಣ್ಣಿಂದ ಕಾಣದವರೂ ತುಂಬಿದರು. ಶಾಸ್ತ್ರ ಓದಿ ಮರೆತ ಕವಿ ಗೆದ್ದ. ಶಾಸ್ತ್ರ ಹಿಡಿದು ಬರೆದವನು ಐವತ್ತನೆಯ ಮೆಟ್ಟಿಲೇರಿಯೂ ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ.

ಉಡುಪಿನ ವಿಚಾರದಲ್ಲಿ ಮಾತ್ರ ಆಟವನ್ನು ಬಾಯ್ತುಂಬ ಹೊಗಳಬೇಕು. ಮುಖ, ಮೈಕಟ್ಟು, ಬಣ್ಣ, ಮುಖವಾಡ, ಬೂಟು, ಎಲ್ಲವನ್ನೂ ಆಟಗಾರ ತಾನೇ ಜೋಡಿಸುತ್ತಾನೆ. ಆಟಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಕೊಡುವವರುಂಟು. ಆದರೆ ಬೆನ್ನ ಮೇಲೆ ಹಾರಾಡುವ ವಸ್ತ್ರ, ಮಹಾವೀರರ ಲಾಂಛನವೇ ಆದ ‘ಕೇಪ್’, ಸುಮ್ಮನೆ ಸಿಗುತ್ತಿರಲಿಲ್ಲ. ಇಪ್ಪತ್ತನೆಯ ಮೆಟ್ಟಿಲು ಮುಟ್ಟಿ, ಒಂದು ಕೆಲಸ ಮಾಡಿ ಅದನ್ನು ಗಳಿಸಬೇಕಾಗಿತ್ತು. ನಗರಿಯನ್ನುಳಿಸಲು ಹೋಗಿ ಮರಳಿ ಬಾರದ ಒಬ್ಬ ವೀರನ ಗೌರವಾರ್ಥ ಈ ನಿಯಮವೆಂದು ಆಟದ ಕಥೆ. ಇದು ನಿಜವಾದ ಕವಿಯ ಕಲ್ಪನೆ. ಹೆಗಲ ಮೇಲಿನ ಕಂಬಳಿಗೆ ಕಾಡುಗೊಲ್ಲರಲ್ಲಿ ಇರುವ ಮರ್ಯಾದೆಯನ್ನು ಬಲ್ಲವರು ಈ ವಸ್ತ್ರದ ಬೆಲೆಯನ್ನೂ ಬಲ್ಲರು. ಬಯಲಾಟದಲ್ಲಿಯೂ ಕಿರೀಟ ಭುಜಕೀರ್ತಿಗಳನ್ನು ಕಟ್ಟಿಕೊಂಡ ಮೇಲೆ ಮನುಷ್ಯನ ನಡಿಗೆಯೇ ಬೇರೆಯಾಗುತ್ತದೆ.

ಹೀಗಿರಲಾಗಿ, ಕೊರತೆ ಎಲ್ಲಿ? ಕೊರತೆ ಮೂರು ನಾಲ್ಕು ಇದ್ದರೂ ಒಂದೇ ಬೇರಿನಿಂದ ಹುಟ್ಟಿದವು. ಈ ಆಟದಲ್ಲಿ ಶಕ್ತಿಗೆ ಬೆಲೆ ತೆರಬೇಕಾಗಿಲ್ಲ. ಆರಿಸಿದ್ದು ಒಗ್ಗದಿದ್ದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿಕೊಳ್ಳುವ ‘ರೆಸ್ಪೆಕ್’ ಎಂಬ ಸೌಲಭ್ಯವೂ ಉಂಟು. ಭೀಷ್ಮನಿಗೆ ಈ ಸೌಲಭ್ಯವಿರಲಿಲ್ಲ. ಕವಚ ಕಿತ್ತುಕೊಟ್ಟ ಕರ್ಣನಿಗೆ ಇರಲಿಲ್ಲ. ನಮ್ಮ ಹಟ್ಟಿಗಳ ವೀರರಿಗೂ ಇಲ್ಲ. ಮ್ಯಾಸಬೇಡರು ಕೋಳಿಯನ್ನು ಮುಟ್ಟದಿರುವುದು, ಈಚಲ ಹೆಂಡ ಕುಡಿಯದಿರುವುದು, ದೇವರ ಎತ್ತುಗಳನ್ನು ಕಾಯುವ ಕಿಲಾರಿ ಕಟ್ಟುನಿಟ್ಟಾದ ಆಚಾರದಲ್ಲಿ ನಡೆಯುವುದು, ಇವೆಲ್ಲ ಕಟ್ಟುಗಳೇ. ಆದರೆ ಬಿಚ್ಚಲಾಗದ ಕಟ್ಟುಗಳು. ಇಲ್ಲಿ ಬಲ ಎಂಬುದು ಏನನ್ನೋ ಬಿಟ್ಟದ್ದಕ್ಕೆ ಸಿ‌ಕ್ಕದ್ದು. ಪುರ್ಲಹಳ್ಳಿಯ ಬಳಿ ಕ್ಯಾತಪ್ಪನ ಪರಿಷೆಯಲ್ಲಿ ಮುಳ್ಳಿನಿಂದಲೇ ಕಟ್ಟಿದ ಗುಡಿಯ ಮೇಲೆ ಗೊಲ್ಲರ ಹುಡುಗರು ಬರಿಗಾಲಲ್ಲಿ ಹತ್ತಿ ತುದಿಯ ಕಳಸ ಕೀಳುತ್ತಾರೆ. ಕಳಸ ಸಿಗುವುದು ಒಬ್ಬನಿಗೆ, ಮುಳ್ಳು ಎಲ್ಲರಿಗೂ. ಆಟದಲ್ಲಿ ಕಳಸ ಎಲ್ಲರಿಗೂ ಉಂಟು, ಮುಳ್ಳು ಮಾತ್ರ ಯಾರಿಗೂ ಇಲ್ಲ.

ಸಾವಿನ ಮಾತೂ ಹಾಗೆಯೇ. ಸೋತ ವೀರ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ. ಹಳೆಯ ನಿಯಮದಂತೆ ಅವನ ತಲೆಯ ಮೇಲೆ ಅನುಭವದ ಸಾಲವೊಂದು ಕೂರುತ್ತಿತ್ತು. ತೀರುವವರೆಗೆ ಗಳಿಸಿದ್ದರಲ್ಲಿ ಅರ್ಧ ಸಾಲಕ್ಕೆ ಹೋಗುತ್ತಿತ್ತು. ಸತ್ತವನು ಸಾಲಗಾರನಾಗಿ ಎದ್ದು ಬರುವ ಈ ಹಾಸ್ಯ ಬರಗಾಲದ ಸೀಮೆಯ ನಮಗೆ ಅರ್ಥವಾಗದೆ ಇರದು. ಆದರೆ ಜುಂಜಪ್ಪ ದೇವರಾದದ್ದು ಸತ್ತದ್ದರಿಂದ. ತುರುಗೊಳ್ ಕಾಳಗದ ವೀರಗಲ್ಲು ನೋಡಿ: ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಶಿವಸನ್ನಿಧಿ. ಕೆಳಗಿನ ಪಟ್ಟಿಯೊಂದನ್ನೇ ಕಡೆದು ನಿಲ್ಲಿಸಿದರೆ ಅದು ವೀರಗಲ್ಲಾದೀತೆ?

ಶತ್ರುಗಳ ವಿಷಯ ಇನ್ನೂ ಬಡ. ಬೀದಿಯ ಮೂಲೆಯಲ್ಲಿ ನಿಂತವರು ಬಹುಪಾಲು ನೆರೆಯಾಗಿ ಬಂದು ಮಂದೆಯಾಗಿ ಸುಟ್ಟುಹೋಗುವವರು. ಗೊಲ್ಲ ಮಂದೆಯನ್ನು ತರುಬುವುದು ಉಳಿಸಲು. ಇವರು ತರುಬುವುದು ಬೂದಿ ಮಾಡಲು. ಜುಂಜಪ್ಪನ ಕಥೆಯಲ್ಲಿ ಎತ್ತಿಗೂ ಒಂದು ಹೆಸರು, ಬಡಮೈಲ. ಹಗೆಗಳೋ ಪರಲೋಕದ ರಾಕ್ಷಸರಲ್ಲ. ತಾಯಿಯ ಒಡಹುಟ್ಟಿದವರು, ಸ್ವಂತ ಸೋದರಮಾವಂದಿರು. ದನಕರುಗಳ ಮೇಲಿನ, ಆಸ್ತಿಯ ಮೇಲಿನ, ಅಕ್ಕತಂಗಿಯ ಮನೆಯ ಏಳಿಗೆಯ ಮೇಲಿನ ಹೊಟ್ಟೆಕಿಚ್ಚು ಎಂಥದೆಂದು ಹಾಡುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಯಾವ ತಡೆಗಾರನೂ ಆ ಏಟನ್ನು ತಡೆಯಲಾರ.

ಜುಂಜಪ್ಪನನ್ನು ಇಟ್ಟುಕೊಂಡು ಇಂಥದೇ ಒಂದು ಆಟ ಮಾಡಬಾರದೇಕೆ ಎಂದು ನನ್ನ ಸೋದರಳಿಯ ಕೇಳುತ್ತಾನೆ. ಮಾಡಬಹುದು, ಮಾಡಿದರೆ ನಮ್ಮ ಹುಡುಗರ ಕೈಯಲ್ಲಿರುವ ಫೋನಿನಲ್ಲಿ ನಮ್ಮವನೂ ಒಬ್ಬ ಇದ್ದಾನು. ಆದರೆ ಅವನನ್ನು ತಡೆಗಾರನೆಂದೋ ಕೈಗಲಿಯೆಂದೋ ಬರೆದು ಆರು ಗೂಡು ಕೊಟ್ಟರೆ ಆ ಆಟವನ್ನು ನಾನಂತೂ ಮುಟ್ಟುವವನಲ್ಲ. ಮೊದಲು ಗಣೆಯಿಂದ ಶುರುಮಾಡಲಿ. ಆಳೆತ್ತರದ ಆ ಬಿದಿರ ಕೊಳಲನ್ನು ಊದಿದರೆ ದನ ಕಿವಿ ನಿಮಿರಿಸಬೇಕು; ಊದಿದವನ ಬಲ ಮಂದೆಯ ಬಲದಿಂದ ಏರಬೇಕು, ಮಂದೆ ಸೊರಗಿದರೆ ಇಳಿಯಬೇಕು. ಮಾವಂದಿರ ಮನೆಯ ಊಟ ತಿರಸ್ಕರಿಸಿದರೆ ಸಂಬಂಧ ಕೆಡಬೇಕು, ಒಪ್ಪಿದರೆ ಪ್ರಾಣಕ್ಕೆ ಅಪಾಯವಾಗಬೇಕು. ಅಂಥ ಇಕ್ಕಟ್ಟನ್ನು ಗೂಡುಗಳಲ್ಲಿ ತುಂಬುವ ಜಾಣ ಹುಟ್ಟಿದರೆ ಅವನನ್ನು ಕವಿಯೆಂದೇ ಕರೆಯೋಣ.

ಮಾಲಿಕತ್ವದ ಜಗಳವನ್ನೂ ಇಲ್ಲಿ ನೆನೆಯಬೇಕು. ೨೦೦೪ರ ನವೆಂಬರಿನಲ್ಲಿ ಮಾರ್ವೆಲ್ ಎಂಬ ಚಿತ್ರಕಥೆಯ ಸಂಸ್ಥೆ ಆಟದ ಮೇಲೆ ದಾವೆ ಹೂಡಿತು. ಆಟಗಾರರು ತಮ್ಮ ಹಲ್ಕನನ್ನೂ ವುಲ್ವರೀನನನ್ನೂ ಹೋಲುವ ವೀರರನ್ನು ಕಟ್ಟಿಕೊಳ್ಳುತ್ತಿದ್ದಾರೆಂಬುದು ಅವರ ದೂರು. ೨೦೦೫ರ ಡಿಸೆಂಬರಿನಲ್ಲಿ ರಾಜಿಯಾಯಿತು. ಎತ್ತಪ್ಪನನ್ನು ಹೋಲುವ ವೇಷ ಕಟ್ಟಿದನೆಂದು ನಮ್ಮಲ್ಲಿ ಯಾರಾದರೂ ಕಚೇರಿ ಹತ್ತಿದರೆ ಹಟ್ಟಿಯ ಮುದುಕರು ಏನೆಂದಾರು!

ಮಾಲಿಕನಿದ್ದ ವೀರರಿಗೆ ಮಾಲಿಕನಿಂದಲೇ ಮರಣ ಬಂತು. ೨೦೧೨ರ ಆಗಸ್ಟ್ ೩೧ರಂದು ಆಟ ನಿಲ್ಲಿಸುತ್ತೇವೆಂದು ಸಾರಿದರು. ಅಟ್ಲಾಸ್ ಎಂಬ ವೀರನ ದೊಡ್ಡ ಪ್ರತಿಮೆಯ ಮುಂದೆ, ಆಟದೊಳಗೇ, ಆಟಗಾರರು ಪಂಜು ಹಿಡಿದು ನೆರೆದರು. ಅಟ್ಲಾಸ್ ಆ ನಗರಿಯ ಕಥೆಯಲ್ಲಿ ಊರು ಕಾಯುತ್ತ ಮಡಿದವನು. ಅವರಲ್ಲಿದ್ದ ಒಂದೇ ವೀರಗಲ್ಲು ಅದೆನ್ನಬಹುದು. ನವೆಂಬರ್ ೩೦ರಂದು ಬೀದಿಗಳೆಲ್ಲ ಒಮ್ಮೆಲೇ ಆರಿದವು. ಆದರೆ ಕೆಲವರು ಗುಟ್ಟಾಗಿ ಅದನ್ನು ಜೀವಂತ ಇಟ್ಟುಕೊಂಡಿದ್ದರು. ೨೦೧೯ರ ಏಪ್ರಿಲ್‌ನಲ್ಲಿ ಆ ಗುಟ್ಟು ರಟ್ಟಾಗಿ, ಹೋಮ್‌ಕಮಿಂಗ್ ಎಂಬ ಹೆಸರಿನಲ್ಲಿ ಆಟ ಎಲ್ಲರಿಗೂ ತೆರೆಯಿತು; ೨೦೨೪ರ ಜನವರಿಯಲ್ಲಿ ಮೂಲ ಮಾಲಿಕರೇ ಅದಕ್ಕೆ ಅಧಿಕೃತ ಅನುಮತಿ ಕೊಟ್ಟರು. ಈಗ ನಡೆಸುತ್ತಿರುವವರು ಆಡಿದವರೇ.

ಇದನ್ನು ಕೇಳುವಾಗ ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆಯದಿರಲು ಸಾಧ್ಯವೆ? ಅಕ್ಷರ ತಿಳಿಯದ ಆ ಮುದುಕಿ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದಳು. ಕೃಷ್ಣಮೂರ್ತಿ ಹನೂರರು ಆಕೆಯ ಮುಂದೆ ಕುಳಿತು ಬರೆದುಕೊಂಡದ್ದರಿಂದ ಅವುಗಳಲ್ಲಿ ಎಷ್ಟೋ ಪದಗಳು ಪುಸ್ತಕಕ್ಕೆ ಬಂದವು. ಬರೆದುಕೊಳ್ಳಲಾಗದ್ದೂ ಒಂದಿರುತ್ತದೆ: ಯಾವ ಸೊಲ್ಲಿಗೆ ಉಸಿರು ತೆಗೆಯಬೇಕು, ಎಲ್ಲಿ ಹಿಂದಿನವರು ಎತ್ತಿಕೊಳ್ಳಬೇಕು ಎಂಬುದು. ಆಟದ ಬೀದಿಗಳನ್ನು ಯಂತ್ರ ಉಳಿಸಿತು. ಯಾವ ಗೋಡೆಯ ಮೂಲೆ ಮಂದೆ ತರುಬಲು ಒಳ್ಳೆಯದು, ಎಷ್ಟು ಹೊತ್ತು ಮರೆಯಲ್ಲಿ ನಿಂತರೆ ಕೊನೆಯ ಗುಂಡಿನವನೂ ಬರುತ್ತಾನೆ ಎಂಬುದನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ತೋರಿಸಿಯೇ ಕೊಡಬೇಕು. ನನ್ನ ಸೋದರಳಿಯ ಅದನ್ನು ಕಲಿತದ್ದು ಒಬ್ಬ ಹಳೆಯ ತಡೆಗಾರನಿಂದ. ಆ ಮನುಷ್ಯನ ನಿಜವಾದ ಹೆಸರಾಗಲಿ ಊರಾಗಲಿ ಇವನಿಗೆ ಇಂದಿಗೂ ತಿಳಿಯದು.